ನೀರು ಎತ್ತುವುದು ದುಬಾರಿಯೋ, ಕಾಯಿಸುವುದು ದುಬಾರಿಯೋ?

ಎನ್.ಆರ್. ಕಾಲೋನಿಯ ಅನೇಕ ಮನೆಗಳಲ್ಲಿ ಬೆಳಿಗ್ಗೆ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಮೋಟಾರ್ ಸಂಪಿನ ನೀರನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ, ಗೀಸರ್ ಸ್ನಾನಕ್ಕೆ ನೀರು ಕಾಯಿಸುತ್ತದೆ. ಮೋಟಾರ್ ಗುರ್ರೆಂದು ಸದ್ದು ಮಾಡುವುದರಿಂದ ಕರೆಂಟು ತಿನ್ನುವುದು ಅದೇ ಎಂದುಕೊಳ್ಳುತ್ತೇವೆ. ಗೀಸರ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನಿಜವಾಗಿ ಬಿಲ್ ಏರಿಸುವುದು ಯಾವುದು?

ಹೋಲಿಸಲು ಒಂದು ತೊಡಕಿದೆ. ಎತ್ತುವ ಕೆಲಸವನ್ನು ಜೂಲ್‌ಗಳಲ್ಲಿ, ಶಾಖವನ್ನು ಕ್ಯಾಲೊರಿಗಳಲ್ಲಿ ಅಳೆಯುವುದು ರೂಢಿ. ಕರೆಂಟು ಬಿಲ್ಲಿನಲ್ಲಿ ಇರುವುದು ಯೂನಿಟ್. ಮೂರೂ ಅಳೆಯುವುದು ಶಕ್ತಿಯನ್ನೇ.

ಕೆಲಸ ಮತ್ತು ಶಾಖದ ನಂಟು

ಈ ನಂಟನ್ನು ನಿಖರವಾಗಿ ಅಳೆದವರು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್. 1840ರ ದಶಕದಲ್ಲಿ ಅವರು ನೀರಿನ ಪಾತ್ರೆಯೊಳಗೆ ಹುಟ್ಟಿನಂಥ ಅಲಗುಗಳನ್ನು ಇಟ್ಟು, ಕೆಳಗಿಳಿಯುವ ತೂಕದ ಬೊಡ್ಡೆಗಳಿಂದ ಅವನ್ನು ತಿರುಗಿಸಿದರು. ಕಡೆದಂತೆಲ್ಲ ನೀರು ತುಸು ಬೆಚ್ಚಗಾಯಿತು. ತೂಕ ಎಷ್ಟು ಇಳಿಯಿತು, ನೀರು ಎಷ್ಟು ಬಿಸಿಯಾಯಿತು ಎಂಬ ಲೆಕ್ಕದಿಂದ ವಿನಿಮಯ ದರ ಸಿಕ್ಕಿತು. ಇಂದು ನಾವು ಬಳಸುವ ಲೆಕ್ಕ ಹೀಗಿದೆ:

- 1 ಕಿಲೋ ತೂಕವನ್ನು 1 ಮೀಟರ್ ಎತ್ತಲು: 9.8 ಜೂಲ್
- 1 ಲೀಟರ್ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು: 1 ಕಿಲೋಕ್ಯಾಲೊರಿ, ಅಂದರೆ ಸುಮಾರು 4,184 ಜೂಲ್
- 1 ಯೂನಿಟ್ (ಕಿಲೋವ್ಯಾಟ್ ಅವರ್): 36 ಲಕ್ಷ ಜೂಲ್, ಅಂದರೆ ಸುಮಾರು 860 ಕಿಲೋಕ್ಯಾಲೊರಿ

4,184ನ್ನು 9.8ರಿಂದ ಭಾಗಿಸಿದರೆ 427 ಬರುತ್ತದೆ. ಒಂದು ಲೀಟರ್ ನೀರನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡುವ ಶಕ್ತಿಯಲ್ಲಿ ಅದೇ ನೀರನ್ನು 427 ಮೀಟರ್ ಎತ್ತರಕ್ಕೆ ಏರಿಸಬಹುದು!

ಕಾವೇರಿಯಿಂದ ಬಕೆಟ್‌ವರೆಗೆ

ನಮ್ಮ ನಲ್ಲಿಗೆ ಬರುವ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ ಮತ್ತು ತಾತಗುಣಿಯ ಪಂಪಿಂಗ್ ಕೇಂದ್ರಗಳನ್ನು ದಾಟಿ, ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರ ಏರಿ ಬರುತ್ತದೆ. 20 ಲೀಟರಿನ ಒಂದು ಬಕೆಟ್ ನೀರನ್ನು ಅಷ್ಟು ಏರಿಸಲು 20 × 9.8 × 500 = 98,000 ಜೂಲ್ ಬೇಕು. ಅದು 0.03 ಯೂನಿಟ್‌ಗಿಂತಲೂ ಕಡಿಮೆ. ಪಂಪು ಮತ್ತು ಪೈಪುಗಳಲ್ಲಿ ಆಗುವ ನಷ್ಟಕ್ಕೆಂದು ಇದನ್ನು ಇಮ್ಮಡಿ ಮಾಡಿದರೂ 0.06 ದಾಟದು.

ಅದೇ ಬಕೆಟ್ ನೀರನ್ನು ಸ್ನಾನಕ್ಕಾಗಿ 22 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಲು 400 ಕಿಲೋಕ್ಯಾಲೊರಿ, ಅಂದರೆ ಸುಮಾರು 0.46 ಯೂನಿಟ್ ಬೇಕು. ಆ ಶಕ್ತಿಯಲ್ಲಿ ಬಕೆಟ್ ನೀರನ್ನು 8,500 ಮೀಟರ್ ಮೇಲಕ್ಕೆತ್ತಬಹುದು. ಎವರೆಸ್ಟ್ ಶಿಖರದ ಎತ್ತರ 8,849 ಮೀಟರ್!

ಬಿಲ್ಲಿನಲ್ಲಿ ಏನಾಗುತ್ತದೆ?

1 ಎಚ್‌ಪಿ ಎಂದರೆ 746 ವ್ಯಾಟ್. ಅಂಥ ಮೋಟಾರ್ ದಿನಕ್ಕೆ 20 ನಿಮಿಷ ಓಡಿದರೆ, ನಷ್ಟ ಸೇರಿಸಿಯೂ ತಿಂಗಳಿಗೆ ಹತ್ತು ಹನ್ನೊಂದು ಯೂನಿಟ್ ಆದೀತು. ನಾಲ್ಕು ಜನರಿಗೆ ದಿನಕ್ಕೆ ಒಂದೊಂದು ಬಕೆಟ್ ಬಿಸಿನೀರು ಎಂದರೆ ತಿಂಗಳಿಗೆ ಸುಮಾರು 56 ಯೂನಿಟ್. ನೀರು ಕಾಯಿಸುವುದನ್ನು ಬರೀ 5 ಡಿಗ್ರಿ ಕಡಿಮೆ ಮಾಡಿದರೆ ಅದರಲ್ಲಿ ಕಾಲು ಭಾಗ, ಅಂದರೆ 14 ಯೂನಿಟ್ ಉಳಿಯುತ್ತದೆ. ಮೋಟಾರಿನ ಇಡೀ ತಿಂಗಳ ಖರ್ಚಿಗಿಂತ ಇದು ಹೆಚ್ಚು.

ಇನ್ನೊಂದು ಮಾತು. ಕೆಲಸ ಪೂರ್ತಿಯಾಗಿ ಶಾಖವಾಗಬಲ್ಲದು, ಆದರೆ ಶಾಖ ಪೂರ್ತಿಯಾಗಿ ಕೆಲಸವಾಗದು. ರಾಯಚೂರಿನಂಥ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲಿನ ಶಾಖದ ಮೂರನೇ ಒಂದು ಭಾಗದಷ್ಟು ಮಾತ್ರ ವಿದ್ಯುತ್ತಾಗುತ್ತದೆ, ಉಳಿದದ್ದು ಹೊರಗೆ ಹೋಗುತ್ತದೆ. ಆ ವಿದ್ಯುತ್ತನ್ನು ನಾವು ಗೀಸರಿನಲ್ಲಿ ಮತ್ತೆ ಶಾಖ ಮಾಡುತ್ತೇವೆ. ತಾರಸಿಯ ಮೇಲಿನ ಸೋಲಾರ್ ಹೀಟರ್ ಈ ಸುತ್ತುದಾರಿಯನ್ನೇ ತಪ್ಪಿಸುತ್ತದೆ.

ಟ್ಯಾಂಕ್ ತುಂಬಿದ ಕೂಡಲೇ ಮೋಟಾರ್ ಆಫ್ ಮಾಡುವುದು ಒಳ್ಳೆಯದೇ. ಅದರಿಂದ ಮುಖ್ಯವಾಗಿ ಉಳಿಯುವುದು ನೀರು. ಕರೆಂಟು ಉಳಿಸಬೇಕೆಂದರೆ ಮೊದಲು ನೋಡಬೇಕಾದದ್ದು ಗೀಸರಿನ ಸ್ವಿಚ್ಚನ್ನು.