ಒಂದೇ ವಸ್ತು, ಹಲವು ಹೆಸರು: ರಸಾಯನ ವಿಜ್ಞಾನದಲ್ಲಿ ಮಾಹಿತಿ ಶೋಧ

ಮಸ್ಕಿಯ ಗುಡ್ಡದಲ್ಲಿರುವ ಅಶೋಕನ ಶಾಸನವನ್ನು ನೀವು ನೋಡಿರಬಹುದು. 1915ರಲ್ಲಿ ಅದನ್ನು ಕಂಡವರು ಇತಿಹಾಸಜ್ಞರಲ್ಲ. ಚಿನ್ನ ಅರಸುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರು. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಓದಿದ್ದರು. ಆದರೆ ಆಗ ಸಿಕ್ಕಿದ್ದ ಶಾಸನಗಳಲ್ಲಿ ರಾಜನನ್ನು 'ದೇವಾನಾಂಪಿಯ ಪಿಯದಸಿ' ಎಂದೇ ಕರೆದಿತ್ತು. ಆತನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಗುರುತಿಸಿದ್ದರೂ, ಶಾಸನದಲ್ಲೇ ಆ ಹೆಸರು ಕಂಡದ್ದು ಮಸ್ಕಿಯಲ್ಲಿ. 'ಅಶೋಕ' ಎಂಬ ಒಂದೇ ಹೆಸರು ಹಿಡಿದು ಹುಡುಕಿದವನಿಗೆ ಆತನ ಬಹುಪಾಲು ಶಾಸನಗಳು ಸಿಗುವುದೇ ಇಲ್ಲ!

ಎಂ.ಎಸ್ಸಿ. ರಸಾಯನ ವಿಜ್ಞಾನದ ವಿದ್ಯಾರ್ಥಿಗಳು ಎಡವುವುದೂ ಇಲ್ಲಿಯೇ. ಅಂತರಜಾಲದಲ್ಲಿ ಎರಡು ಪದ ಟೈಪು ಮಾಡಿ, ಮೊದಲ ಪುಟ ನೋಡಿ, "ಇದರ ಮೇಲೆ ಯಾರೂ ಕೆಲಸ ಮಾಡಿಲ್ಲ ಸರ್" ಎನ್ನುತ್ತಾರೆ. ಅದನ್ನು ನಂಬಿದರೆ ಒಂದು ಸೆಮಿಸ್ಟರಿನ ಶ್ರಮ ಹಿಂದೆಂದೋ ಮುಗಿದ ಕೆಲಸಕ್ಕೆ ವ್ಯಯವಾದೀತು.

ಲಿಂಗಸುಗೂರು ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳು ಹಟ್ಟಿಯ ಚಿನ್ನದ ಗಣಿಯನ್ನು ಕುರಿತು ಕೇಳುತ್ತಾಳೆ ಎನ್ನೋಣ: ಅದುರಿನಿಂದ ಚಿನ್ನ ತೆಗೆದ ಮೇಲೆ ಉಳಿಯುವ ಸೈನೈಡ್ ಏನಾಗುತ್ತದೆ? ಒಳ್ಳೆಯ ಪ್ರಶ್ನೆ. ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸುವ ವಿಧಾನ ರೂಪುಗೊಂಡದ್ದು 1887ರಲ್ಲಿ. ಆದರೆ 'ಚಿನ್ನದ ಕಸ' ಎಂಬರ್ಥದ ಇಂಗ್ಲಿಷ್ ಪದ ಹಾಕಿ ಹುಡುಕಿದರೆ ಒಡವೆ ಅಂಗಡಿಗಳ ಜಾಹೀರಾತು ಬರುತ್ತದೆಯೇ ಹೊರತು ರಸಾಯನ ವಿಜ್ಞಾನ ಬರುವುದಿಲ್ಲ. ಚಿನ್ನ ತೆಗೆದು ಉಳಿದ ಪುಡಿಗೆ ಗಣಿಯವರ ಪದ 'ಟೇಲಿಂಗ್ಸ್'. ಆ ಪದ ಗೊತ್ತಾದೊಡನೆ ಬಾಗಿಲು ತೆರೆಯುತ್ತದೆ.

ಊರಿನ ಹೆಸರೂ ಸುಲಭವಲ್ಲ. ಹಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಎಚ್' ನಂತರ 'ಯು' ಹಾಕುವುದು ರೂಢಿ. 'ಎ' ಹಾಕುವವರೂ ಇದ್ದಾರೆ. ಲಿಂಗಸುಗೂರು ಎಲ್ಲೋ 'ಲಿಂಗ್ಸುಗೂರ್', ಇನ್ನೆಲ್ಲೋ 'ಲಿಂಗ್ಸಗೂರ್'. ಇಂದಿನ ಗಣಿ ಕಂಪನಿ 1947ರಲ್ಲಿ ಆರಂಭವಾದದ್ದು 'ಹೈದರಾಬಾದ್' ಹೆಸರಿನಲ್ಲಿ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತಷ್ಟೆ. ಮಸ್ಕಿ ತಾಲ್ಲೂಕಾದದ್ದು ಇತ್ತೀಚೆಗೆ. ಹಳೆಯ ವರದಿಗಳಲ್ಲಿ ಅದು ಲಿಂಗಸುಗೂರಿನ ಕೆಳಗೇ ಇರುತ್ತದೆ. ಈ ಎಲ್ಲ ರೂಪಗಳನ್ನೂ ಬರೆದಿಟ್ಟುಕೊಂಡು, ನಡುವೆ 'ಆರ್' ಎಂಬ ಇಂಗ್ಲಿಷ್ ಪದವನ್ನು ದೊಡ್ಡಕ್ಷರದಲ್ಲಿ ಸೇರಿಸಿ ಹುಡುಕಬೇಕು.

ಸಂಯುಕ್ತಗಳ ವಿಷಯದಲ್ಲಿ ಮಾತ್ರ ಈ ತೊಡಕಿಗೆ ಸೊಗಸಾದ ಪರಿಹಾರವಿದೆ. ಅಮೆರಿಕನ್ ಕೆಮಿಕಲ್ ಸೊಸೈಟಿ 1907ರಿಂದ 'ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್' ಪ್ರಕಟಿಸಿತು. 1965ರಿಂದ ಪ್ರತಿ ವಸ್ತುವಿಗೂ ಒಂದು ನೋಂದಣಿ ಸಂಖ್ಯೆ ಕೊಡಲಾಗುತ್ತಿದೆ. ಅಸಿಟೋನ್ ಎನ್ನಿ, ಪ್ರೊಪನೋನ್ ಎನ್ನಿ, ಡೈಮೀಥೈಲ್ ಕೀಟೋನ್ ಎನ್ನಿ, ಅದು 67-64-1. ಸೋಡಿಯಂ ಸೈನೈಡ್ 143-33-9. ಕೊನೆಯ ಅಂಕಿ ತಾಳೆ ನೋಡಲಿಕ್ಕಾಗಿ ಇಟ್ಟದ್ದು. ಅದನ್ನು ಬಿಟ್ಟು, ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ ಕ್ರಮವಾಗಿ 1, 2, 3, 4, 5ರಿಂದ ಗುಣಿಸಿ ಕೂಡಿಸಿ: 3+6+9+16+5=39. ಮೊತ್ತದ ಬಿಡಿ ಸ್ಥಾನದಲ್ಲಿ 9 ಇದೆ, ಸಂಖ್ಯೆ ಸರಿ. ತರಗತಿಯಲ್ಲಿ ಇದನ್ನು ಮಾಡಿಸಿ ನೋಡಿ, ವಿದ್ಯಾರ್ಥಿಗಳು ಮರೆಯುವುದಿಲ್ಲ. ಈ ಸಂಖ್ಯೆಯನ್ನು 'ಪಬ್‌ಕೆಮ್' ಎಂಬ ಉಚಿತ ಕೋಶಕ್ಕೆ ಕೊಟ್ಟರೆ ಎಲ್ಲ ಪರ್ಯಾಯ ಹೆಸರುಗಳೂ ಗುಣಗಳೂ ಒಟ್ಟಿಗೆ ಬರುತ್ತವೆ.

ಪ್ರಬಂಧ ಸಿಕ್ಕಿತೆಂದರೆ ಕೆಲಸ ಮುಗಿಯಲಿಲ್ಲ. ಒಂದರಲ್ಲಿ 'ಮುಕ್ತ ಸೈನೈಡ್', ಇನ್ನೊಂದರಲ್ಲಿ 'ಒಟ್ಟು ಸೈನೈಡ್', ಮತ್ತೊಂದರಲ್ಲಿ ದುರ್ಬಲ ಆಮ್ಲದಲ್ಲಿ ಬೇರ್ಪಡುವ ಸೈನೈಡ್ ಎಂದಿರುತ್ತದೆ. ಕಬ್ಬಿಣದೊಡನೆ ಬಿಗಿಯಾಗಿ ಬೆಸೆದ ಸೈನೈಡ್ 'ಒಟ್ಟು' ಲೆಕ್ಕದಲ್ಲಿ ಸೇರುತ್ತದೆ, ಉಳಿದೆರಡರಲ್ಲಿ ಇಲ್ಲ. ಇದನ್ನು ಗಮನಿಸದೆ ಎರಡು ಪ್ರಬಂಧಗಳ ಅಂಕಿಗಳನ್ನು ಹೋಲಿಸಿ, ಊರಿನ ನೀರು ಕೆಟ್ಟಿದೆ ಎಂದೋ ಚೆನ್ನಾಗಿದೆ ಎಂದೋ ಬರೆದುಬಿಟ್ಟರೆ? ಸಾರಾಂಶವನ್ನಷ್ಟೇ ಓದುವವರಿಗೆ ಈ ಅಪಾಯ ತಪ್ಪಿದ್ದಲ್ಲ.

ಸಿಂಧನೂರಿನಲ್ಲಿ ಸಮಸ್ಯೆ ತಿರುಗುಮುರುಗು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ ಅದು; ಹೊಟ್ಟಿನ ಬೂದಿಯಿಂದ ನೀರಿನ ಬಣ್ಣ ತೆಗೆಯುವ ಪ್ರಾಜೆಕ್ಟು ಯಾರಿಗೂ ಹೊಳೆಯುವಂಥದ್ದು. ಹುಡುಕಿದರೆ ಪ್ರಬಂಧಗಳ ರಾಶಿಯೇ ಬೀಳುತ್ತದೆ. (ಹೊಟ್ಟಿಗೆ ಇಂಗ್ಲಿಷಿನಲ್ಲಿ 'ಹಸ್ಕ್' ಅಲ್ಲದೆ 'ಹಲ್' ಎಂಬ ಹೆಸರೂ ಉಂಟು!) ಇಂಥಲ್ಲಿ ಮೊದಲು ಒಂದು ಸಮೀಕ್ಷಾ ಲೇಖನ ಓದಿಸಿ. ಅದರ ಆಕರಸೂಚಿ ಹಿಂದಕ್ಕೆ ಒಯ್ಯುತ್ತದೆ. ಅದನ್ನು ಉಲ್ಲೇಖಿಸಿದವರ ಪಟ್ಟಿ ಮುಂದಕ್ಕೆ. ಎರಡೂ ಕಡೆ ಯಾರೂ ಮುಟ್ಟದ ಬಣ್ಣವೋ ಸ್ಥಿತಿಯೋ ಕಂಡರೆ ಅದೇ ಪ್ರಾಜೆಕ್ಟು.

ಇತ್ತೀಚೆಗೆ ಇನ್ನೊಂದು ಪಿಡುಗು ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳಿದ್ದಕ್ಕೆಲ್ಲ ಆಕರ ಕೊಡುತ್ತವೆ; ಕೆಲವು ಪ್ರಬಂಧಗಳು ಲೋಕದಲ್ಲೇ ಇರುವುದಿಲ್ಲ. ಪ್ರತಿಯೊಂದರ ಡಿಒಐ ಸಂಖ್ಯೆಯನ್ನು ತೆರೆದು, ಶೀರ್ಷಿಕೆ, ಲೇಖಕರು, ವರ್ಷ ಹೊಂದುತ್ತವೆಯೇ ಎಂದು ನೋಡದೆ ಯಾವುದನ್ನೂ ಒಪ್ಪಬೇಡಿ.

ಪೂರ್ಣ ಪ್ರಬಂಧ ಪಡೆಯುವುದು ಹೇಗೆ? ಸರ್ಕಾರಿ ಸಂಸ್ಥೆಗಳಿಗೆ 2025ರ ಜನವರಿಯಿಂದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಲ್ಲಿ ಸುಮಾರು 13,000 ಪತ್ರಿಕೆಗಳು ದೊರೆಯುತ್ತವೆ. ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳು ಸೇರಿರಲಿಲ್ಲ. ಆದರೂ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ 'ರೆಸೊನೆನ್ಸ್', 'ಜರ್ನಲ್ ಆಫ್ ಕೆಮಿಕಲ್ ಸೈನ್ಸಸ್' ಅಂತರಜಾಲದಲ್ಲಿ ಉಚಿತ, ಪಿಎಚ್.ಡಿ. ಪ್ರಬಂಧಗಳಿಗೆ 'ಶೋಧಗಂಗಾ' ಇದೆ. ಅಲ್ಲೂ ಸಿಗದಿದ್ದರೆ ಲೇಖಕರಿಗೇ ಮಿಂಚಂಚೆ ಬರೆಯಿಸಿ: ಹೆಸರು, ಕಾಲೇಜು, ಬೇಕಾದ ಪ್ರಬಂಧ, ಏಕೆ ಬೇಕು, ನಾಲ್ಕು ಸಾಲು ಸಾಕು.