ಕಡಲಿಲ್ಲದ ಊರಿಗೂ ಬೇಕಾದ ಕಡಲ ಲೆಕ್ಕ

ಮಡಿಕೇರಿಯ ಮೀನಂಗಡಿಗಳಲ್ಲಿ ಬೂತಾಯಿ, ಬಂಗುಡೆಗೆ ವರ್ಷವಿಡೀ ಗಿರಾಕಿಗಳಿದ್ದಾರೆ. ಮಂಗಳೂರಿನ ದಕ್ಕೆಯಿಂದ ಸಂಪಾಜೆ ಘಾಟಿ ಹತ್ತಿಯೋ, ಕಣ್ಣೂರು ಕಡೆಯಿಂದ ಮಾಕುಟ್ಟ ಘಾಟಿ ಹತ್ತಿಯೋ ಬರುವ ಈ ಮೀನು ಊಟದ ತಟ್ಟೆಗೆ ಬೀಳುವವರೆಗೆ ಎಷ್ಟು ರಾಜ್ಯಗಳ ನೀರು ದಾಟಿರುತ್ತದೆ ಎಂಬುದನ್ನು ನಾವು ಯೋಚಿಸುವುದೇ ಇಲ್ಲ. ಮೀನು ಸಿಗದಿದ್ದಾಗ ಅಥವಾ ದರ ಏರಿದಾಗ ಮಾತ್ರ ಅದರ ಬಗ್ಗೆ ಮಾತು ಶುರುವಾಗುತ್ತದೆ. ಆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಐದು ತಪ್ಪು ಕಲ್ಪನೆಗಳನ್ನು ಇಲ್ಲಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ಕೊಡಗಿಗೆ ಕಡಲಿಲ್ಲ. ಕಡಲ ಮೀನಿನ ರಕ್ಷಣೆ ಕರಾವಳಿಯವರ ಕೆಲಸ.

ಸತ್ಯ: ಕೊಡಗಿನ ನೀರೆಲ್ಲ ಕಾವೇರಿಯ ಜೊತೆ ಪೂರ್ವಕ್ಕೆ ಹೋಗುವುದಿಲ್ಲ. ಪುಷ್ಪಗಿರಿಯ ಕಡೆಯ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಪಯಸ್ವಿನಿ ಸುಳ್ಯ ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಾಗಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಬಾರಾಪೊಳೆ ಕಣ್ಣೂರು ಜಿಲ್ಲೆಯ ವಳಪಟ್ಟಣಂ ಹೊಳೆಗೆ ಸೇರುತ್ತದೆ. ಗುಡ್ಡ ಕುಸಿದಾಗ ಹರಿಯುವ ಕೆಸರು, ತೋಟಕ್ಕೆ ಸುರಿದ ಗೊಬ್ಬರ ಮತ್ತು ವಿಷ, ತೋಡಿಗೆ ಎಸೆದ ಪ್ಲಾಸ್ಟಿಕ್, ಇವೆಲ್ಲ ತಲುಪುವುದು ಎರಡು ರಾಜ್ಯಗಳ ಅಳಿವೆಗಳನ್ನು. ಅನೇಕ ಮೀನುಮರಿಗಳು, ಸಿಗಡಿ ಮರಿಗಳು ಬೆಳೆಯುವುದು ಇದೇ ಅಳಿವೆಗಳಲ್ಲಿ. ಮೀನು ತಿನ್ನುವವರಾಗಿಯೂ ನೀರು ಹರಿಸುವವರಾಗಿಯೂ ನಾವು ಕಡಲಿನ ಪಾಲುದಾರರು.

ತಪ್ಪು ಕಲ್ಪನೆ 2: ಕರ್ನಾಟಕದ ಮೀನು ಬೇರೆ, ಕೇರಳದ ಮೀನು ಬೇರೆ. ಅವರವರ ಕಡಲನ್ನು ಅವರವರು ನೋಡಿಕೊಂಡರೆ ಸಾಕು.

ಸತ್ಯ: ನಾವು ಬೂತಾಯಿ ಎನ್ನುವುದೂ ಕೇರಳದವರು ಮತ್ತಿ ಎನ್ನುವುದೂ ಒಂದೇ ಮೀನು. ಗೋವಾ, ಕರ್ನಾಟಕ, ಕೇರಳದ ಉದ್ದಕ್ಕೂ ಅದರ ಗುಂಪುಗಳು ಆಹಾರವನ್ನೂ ತಂಪು ನೀರನ್ನೂ ಹುಡುಕಿಕೊಂಡು ಓಡಾಡುತ್ತವೆ. ಗಡಿ ಇರುವುದು ಕಾನೂನಿನಲ್ಲಿ ಮಾತ್ರ. ತೀರದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯದ ಕೈಯಲ್ಲಿದೆ, ಅದರಾಚೆ 200 ನಾಟಿಕಲ್ ಮೈಲಿವರೆಗೆ ಕೇಂದ್ರದ್ದು. ಕೇರಳ 1980ರಲ್ಲಿ, ಕರ್ನಾಟಕ 1986ರಲ್ಲಿ ತಮ್ಮ ತಮ್ಮ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಮಾಡಿಕೊಂಡವು. ಹೀಗೆ ಒಂದೇ ಮೀನಿಗೆ ಹಲವು ಯಜಮಾನರು. ಒಬ್ಬರು ಉಳಿಸಿದ್ದನ್ನು ಪಕ್ಕದವರು ಬಾಚಿಕೊಂಡರೆ ಉಳಿಸಿದವರಿಗೆ ನಷ್ಟ, ಬಾಚಿದವರಿಗೂ ನಾಳೆ ಖಾಲಿ ಬಲೆ.

ತಪ್ಪು ಕಲ್ಪನೆ 3: ಮಳೆಗಾಲದ ನಿಷೇಧ ಇರುವುದು ದೋಣಿ ಮುಳುಗದಿರಲಿ ಎಂದು ಮಾತ್ರ. ಆಗಲೂ ಅಂಗಡಿಯಲ್ಲಿ ಮೀನು ಇದ್ದರೆ ಅದು ಕಳ್ಳ ಮೀನು.

ಸತ್ಯ: ಜೀವರಕ್ಷಣೆ ಒಂದು ಕಾರಣ ನಿಜ. ಆದರೆ ಮುಂಗಾರಿನಲ್ಲಿ ಕಡಲ ಒಳಗೂ ದೊಡ್ಡ ಕೆಲಸ ನಡೆಯುತ್ತದೆ. ಗಾಳಿ ಮೇಲಿನ ನೀರನ್ನು ತಳ್ಳಿದಾಗ ಆಳದ ತಂಪು ನೀರು ಪೋಷಕಾಂಶ ಹೊತ್ತು ಮೇಲೇರುತ್ತದೆ. ಅದರಿಂದ ಸೂಕ್ಷ್ಮ ಪಾಚಿ ಸೊಂಪಾಗಿ ಹಬ್ಬುತ್ತದೆ. ಬೂತಾಯಿ ಮೊಟ್ಟೆಯಿಡುವುದು, ಮರಿಗಳು ಈ ಪಾಚಿಯನ್ನು ತಿಂದು ಬೆಳೆಯುವುದು ಇದೇ ಕಾಲದಲ್ಲಿ. ಹಾಗಾಗಿ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಕೇರಳದಲ್ಲಿ ಟ್ರಾಲ್ ಬೋಟುಗಳಿಗೆ ಈಚಿನ ವರ್ಷಗಳಲ್ಲಿ 52 ದಿನಗಳ ನಿಷೇಧವಿದ್ದು, ಅದೂ ಮುಗಿಯುವುದು ಜುಲೈ 31ಕ್ಕೇ.

ನಾಡದೋಣಿಗಳಿಗೆ ಈ ಅವಧಿಯಲ್ಲೂ ರಿಯಾಯಿತಿ ಇದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ ಜೂನ್ ನಡುವಿನಿಂದ ತಮಿಳುನಾಡಿನ ಬೋಟುಗಳು ಕಡಲಿಗಿಳಿದಿರುತ್ತವೆ. ಆದ್ದರಿಂದ ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲಿ ಮೀನು ಕಂಡ ಮಾತ್ರಕ್ಕೆ ಯಾರನ್ನೂ ಕಳ್ಳರೆನ್ನಬೇಕಿಲ್ಲ. ನಿಷೇಧದ ದಿನಗಳು ರಾಜ್ಯದಿಂದ ರಾಜ್ಯಕ್ಕೆ ಹೊಂದದಿರುವ ಕಡೆ ಮಾತ್ರ ಮೀನುಗಾರರ ನಡುವೆ ಅಸಮಾಧಾನ ಹುಟ್ಟುತ್ತದೆ. ಅದನ್ನು ಸರಿಪಡಿಸಬೇಕಾದ್ದು ಸರ್ಕಾರಗಳು ಕೂತು ಮಾತಾಡಿ.

ತಪ್ಪು ಕಲ್ಪನೆ 4: ಬೂತಾಯಿ ಕಾಣೆಯಾಗಲು ಬೇರೆ ರಾಜ್ಯದ ಬೋಟಿನವರೇ ಕಾರಣ.

ಸತ್ಯ: ಕೊಚ್ಚಿಯಲ್ಲಿರುವ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2012ರಲ್ಲಿ ಕೇರಳ ಒಂದರಲ್ಲೇ ಸುಮಾರು 3.9 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಸೇರಿದ್ದು 3,297 ಟನ್. ಇಷ್ಟು ದೊಡ್ಡ ಕುಸಿತ ಒಂದು ಬಂದರಿನ ಬೋಟುಗಳಿಂದ ಆಗುವಂಥದ್ದಲ್ಲ. ಎಲ್ ನಿನೊ ವರ್ಷಗಳಲ್ಲಿ ನೀರು ಬಿಸಿಯಾಗಿ, ಆಹಾರದ ಪಾಚಿ ಹೊತ್ತಿಗೆ ಸರಿಯಾಗಿ ಸಿಗದೆ ಮರಿಗಳು ಉಳಿಯಲಿಲ್ಲ. ಅದಕ್ಕೂ ಮೊದಲು ಹೇರಳವಾಗಿ ಸಿಕ್ಕ ವರ್ಷಗಳಲ್ಲಿ ಎಲ್ಲರೂ ಮಿತಿಮೀರಿ ಹಿಡಿದಿದ್ದರು. ಬೂತಾಯಿಯ ಆಯುಸ್ಸು ಎರಡು, ಎರಡೂವರೆ ವರ್ಷವಷ್ಟೇ. ಒಂದೆರಡು ವರ್ಷ ಮರಿಗಳು ಉಳಿಯದಿದ್ದರೆ ಸಂತತಿ ಕುಸಿಯುತ್ತದೆ, ಕಾಲ ಒದಗಿದರೆ ಬೇಗ ಚೇತರಿಸಿಕೊಳ್ಳುತ್ತದೆ. ಈಚೆಗೆ ಆ ಚೇತರಿಕೆಯೂ ಕಂಡಿದೆ. ಹವಾಮಾನ ನಮ್ಮ ಕೈಯಲ್ಲಿಲ್ಲ, ಬಲೆ ನಮ್ಮ ಕೈಯಲ್ಲಿದೆ. ಕೆಟ್ಟ ವರ್ಷಗಳಲ್ಲಿ ಎಲ್ಲ ರಾಜ್ಯಗಳೂ ಒಟ್ಟಿಗೆ ಬಲೆ ಹಿಡಿತದಲ್ಲಿಟ್ಟರೆ ಮಾತ್ರ ಚೇತರಿಕೆಗೆ ಬಿತ್ತನೆ ಉಳಿಯುತ್ತದೆ.

ತಪ್ಪು ಕಲ್ಪನೆ 5: ಮರಿಮೀನು ಹಿಡಿದರೆ ತಪ್ಪೇನು? ಕಡಲು ದೊಡ್ಡದು.

ಸತ್ಯ: ಕಾಫಿ ಹಣ್ಣಾಗುವ ಮೊದಲೇ ಹಸಿರು ಕಾಯಿ ಕಿತ್ತವರನ್ನು ಕೊಡಗಿನಲ್ಲಿ ಯಾರೂ ಜಾಣರೆನ್ನುವುದಿಲ್ಲ. ಮೀನಿನಲ್ಲಿ ನಷ್ಟ ಅದಕ್ಕಿಂತ ದೊಡ್ಡದು, ಏಕೆಂದರೆ ಮೊಟ್ಟೆಯಿಡುವ ಮೊದಲೇ ಹೋದ ಮೀನಿನೊಂದಿಗೆ ಮುಂದಿನ ಪೀಳಿಗೆಯೂ ಹೋಗುತ್ತದೆ. ಕೇರಳ ಸರ್ಕಾರ 2015ರಲ್ಲಿ 14 ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಗಾತ್ರ ಗೊತ್ತುಮಾಡಿತು, ಮುಂದೆ ಪಟ್ಟಿಯನ್ನು ಬೆಳೆಸಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್. ಒಂದು ರಾಜ್ಯ ಹೀಗೆ ಬಿಗಿ ಮಾಡಿ ಪಕ್ಕದ ರಾಜ್ಯ ಸಡಿಲ ಬಿಟ್ಟರೆ ಮರಿಮೀನು ಗಡಿ ದಾಟಿ ಇನ್ನೊಂದು ದಕ್ಕೆಯಲ್ಲಿ ಇಳಿಯುತ್ತದೆ, ಇಲ್ಲವೇ ಲಾರಿ ಹತ್ತಿ ಫಿಶ್‌ಮಿಲ್‌ಗೆ ಹೋಗಿ ಕೋಳಿ, ಸಿಗಡಿಗಳ ಆಹಾರವಾಗುತ್ತದೆ. ಪ್ರಖರ ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಮತ್ತು ಎರಡು ಬೋಟು ಸೇರಿ ಬಲೆ ಎಳೆಯುವ ಬುಲ್ ಟ್ರಾಲ್, ಇವೆರಡನ್ನೂ ಕೇಂದ್ರ ಸರ್ಕಾರ 2017ರಲ್ಲಿ ತನ್ನ ವ್ಯಾಪ್ತಿಯ ಕಡಲಿನಲ್ಲಿ ನಿಷೇಧಿಸಿದ್ದೂ ಈ ಕಾರಣಕ್ಕೇ. ನಿಯಮ ಎಲ್ಲ ಬಂದರಿನಲ್ಲೂ ಒಂದೇ ಆಗಿದ್ದರೆ ಮಾತ್ರ ಅದು ಫಲ ಕೊಡುತ್ತದೆ.

ದೇಶಗಳ ನಡುವೆಯೂ ಇದೇ ಮಾತು. ಲಕ್ಷದ್ವೀಪದ ನೀರಿನಲ್ಲಿ ಕಂಡ ಟ್ಯೂನಾ ಮೀನು ಮಾಲ್ಡೀವ್ಸ್ ಕಡೆಗೂ ಈಜುತ್ತದೆ. ಅದಕ್ಕಾಗಿಯೇ 1996ರಿಂದ ಹಿಂದೂ ಮಹಾಸಾಗರ ಟ್ಯೂನಾ ಆಯೋಗ ಇದೆ. ಭಾರತವೂ ಅದರ ಸದಸ್ಯ. ಚೆನ್ನೈಯಲ್ಲಿ ಕೇಂದ್ರ ಕಚೇರಿ ಇರುವ ಬಂಗಾಳ ಕೊಲ್ಲಿ ಕಾರ್ಯಕ್ರಮದಲ್ಲಿ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಒಟ್ಟಿಗಿವೆ. ನಾಲ್ಕು ದೇಶಗಳು ಒಂದೇ ಮೇಜಿಗೆ ಬರಬಲ್ಲವಾದರೆ ಗೋವಾ, ಕರ್ನಾಟಕ, ಕೇರಳ ಮೂರು ರಾಜ್ಯಗಳು ನಿಷೇಧದ ದಿನ, ಬಲೆಯ ಕಣ್ಣು, ಮೀನಿನ ಗಾತ್ರ ಈ ಮೂರನ್ನು ಒಂದೇ ಮಾಡಿಕೊಳ್ಳುವುದು ಅಸಾಧ್ಯವಲ್ಲ.

ಅದಕ್ಕೆ ಕಾಯದೆ ನಾವು ಇಂದೇ ಮಾಡಬಹುದಾದದ್ದೂ ಇದೆ. ಮುಂದಿನ ಸಲ ಮೀನಂಗಡಿಗೆ ಹೋದಾಗ ಮೀನಿನ ಉದ್ದ ನೋಡಿ. ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ, ಹದಿನಾಲ್ಕಕ್ಕಿಂತ ಚಿಕ್ಕ ಬಂಗುಡೆ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ, ಯಾಕೆ ಬೇಡ ಎಂಬುದನ್ನು ಅಂಗಡಿಯವರಿಗೂ ಹೇಳಿ. ಕೊಳ್ಳುವವರಿಲ್ಲದ ಮರಿಮೀನನ್ನು ಘಾಟಿ ಹತ್ತಿಸಿ ತರಲು ಯಾವ ವ್ಯಾಪಾರಿಯೂ ಬಯಸುವುದಿಲ್ಲ.