ಮುಚ್ಚಲಾಗದ ನಲ್ಲಿ

ಕಾಯಿಲೆ ಎಂದರೆ ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋದ ಹಾಗೆ ದೇಹದ ಯಾವುದೋ ಭಾಗ ಕೆಟ್ಟು ನಿಲ್ಲುವುದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಕಾಲರಾ ಈ ನಂಬಿಕೆಗೆ ಒಗ್ಗುವುದಿಲ್ಲ. ರೋಗ ಉಲ್ಬಣಿಸಿದಾಗ ಗಂಟೆಗೆ ಒಂದು ಲೀಟರಿನವರೆಗೂ ಅಕ್ಕಚ್ಚಿನಂಥ ಭೇದಿ ಹರಿಯುತ್ತದೆ. ಬೆಳಿಗ್ಗೆ ನೆಟ್ಟಗಿದ್ದವರು ರಾತ್ರಿಯೊಳಗೆ ಸಾಯಬಹುದು. ಇಷ್ಟಾದರೂ ಕರುಳಿನ ಒಳಪದರವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಹುಣ್ಣಿಲ್ಲ, ಹರಿದ ಗುರುತಿಲ್ಲ. ಕರುಳು ದಿನವೂ ಮಾಡುವ ಕೆಲಸವನ್ನೇ ಮಾಡುತ್ತಿರುತ್ತದೆ, ನಿಲ್ಲಿಸಲು ಮಾತ್ರ ಅದಕ್ಕೆ ಆಗುತ್ತಿಲ್ಲ. ಅನೇಕ ರೋಗಗಳ ಬಗೆ ಹೀಗೆಯೇ: ಇದ್ದ ಕೆಲಸದ ಲಗಾಮನ್ನು ಕಿತ್ತುಬಿಡುವುದು.

ಆ ಕೆಲಸ ಯಾವುದೆಂದು ನೋಡೋಣ. ನಾವು ದಿನಕ್ಕೆ ಸುಮಾರು 2 ಲೀಟರ್ ದ್ರವ ಸೇವಿಸಿದರೆ, ಜೊಲ್ಲು, ಜಠರರಸ, ಪಿತ್ತ ಮೊದಲಾದ ರೂಪದಲ್ಲಿ ದೇಹವೇ ಇನ್ನೂ 7 ಲೀಟರಿನಷ್ಟನ್ನು ಕರುಳಿಗೆ ಸುರಿಯುತ್ತದೆ. ಅನ್ನ ತೆಳುವಾಗದೆ ಅರಗುವುದಿಲ್ಲ. ಆಮೇಲೆ ಕರುಳು ಹೆಚ್ಚುಕಡಿಮೆ ಅಷ್ಟನ್ನೂ ಮರಳಿ ಹೀರಿಕೊಳ್ಳುತ್ತದೆ. ಮಲದಲ್ಲಿ ಹೋಗುವುದು ಒಂದು ಲೋಟದಷ್ಟು ನೀರು. ಕಾಲರಾ ರೋಗಾಣು ಕರುಳಿನ ಗೋಡೆ ಕೊರೆಯುವುದಿಲ್ಲ, ಮೇಲೆಯೇ ಕುಳಿತು ವಿಷ ಬಿಡುತ್ತದೆ. ಆ ವಿಷ ಜೀವಕೋಶದೊಳಗೆ ಹೊಕ್ಕು, ದ್ರವ ಸುರಿಸುವ ಸ್ವಿಚ್ಚನ್ನು ಹಾಕಿದ ಸ್ಥಿತಿಯಲ್ಲೇ ಸಿಕ್ಕಿಸಿಬಿಡುತ್ತದೆ. ಉಪ್ಪಿನಂಶವಾದ ಕ್ಲೋರೈಡ್ ಹೊರಗೆ ನುಗ್ಗುತ್ತದೆ, ಅದರ ಬೆನ್ನಿಗೆ ಸೋಡಿಯಂ, ಅದರ ಬೆನ್ನಿಗೆ ನೀರು. ಕಲ್ಕತ್ತಾದ ವಿಜ್ಞಾನಿ ಶಂಭುನಾಥ ಡೇ 1959ರಲ್ಲಿ, ರೋಗಾಣುಗಳನ್ನೆಲ್ಲ ಸೋಸಿ ತೆಗೆದ ದ್ರವವೊಂದೇ ಮೊಲದ ಕರುಳಿನಲ್ಲಿ ನೀರು ತುಂಬಿಸುತ್ತದೆಂದು ತೋರಿಸಿ ಈ ವಿಷವನ್ನು ಬಯಲಿಗೆಳೆದರು.

ಮುಂದಿನದು ಸರಪಳಿ. ನೀರು ಕಳೆದುಕೊಂಡ ರಕ್ತದ ಪ್ರಮಾಣ ಇಳಿಯುತ್ತದೆ, ಹೃದಯ ಬೇಗ ಬಡಿದು ಸರಿದೂಗಿಸಲು ನೋಡುತ್ತದೆ, ಮೂತ್ರಪಿಂಡಗಳು ಮೂತ್ರ ತಡೆದು ನೀರುಳಿಸುತ್ತವೆ. ಕಣ್ಣು ಗುಳಿಬೀಳುತ್ತದೆ, ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರೆ ಮಡಿಕೆ ಹಾಗೇ ನಿಂತು ನಿಧಾನವಾಗಿ ಇಳಿಯುತ್ತದೆ. ಹೃದಯ, ಮೂತ್ರಪಿಂಡ ಎರಡೂ ತಮ್ಮ ಪಾಲಿನದನ್ನು ಸರಿಯಾಗಿಯೇ ಮಾಡಿರುತ್ತವೆ. ಆದರೆ ಸೋರುವುದು ನಿಲ್ಲದ ತೊಟ್ಟಿಯನ್ನು ಉಳಿತಾಯದಿಂದ ತುಂಬಿಸಲಾಗದು.

ವಿಷ ಮುಟ್ಟದ ಬಾಗಿಲೊಂದು ಅದೇ ಕರುಳಿನಲ್ಲಿದೆ. ಗ್ಲೂಕೋಸ್ ಒಳಗೆ ಹೋಗುವಾಗ ಸೋಡಿಯಮ್ಮನ್ನೂ ಕೈಹಿಡಿದು ಕರೆದೊಯ್ಯುತ್ತದೆ, ನೀರು ಹಿಂಬಾಲಿಸುತ್ತದೆ. ಬರೀ ನೀರಿನಿಂದ ಆಗದ್ದು ಉಪ್ಪು-ಸಕ್ಕರೆ ಹದವಾಗಿ ಬೆರೆತ ನೀರಿನಿಂದ ಆಗುವುದು ಇದಕ್ಕೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಸಲೈನ್ ಬಾಟಲಿಗಳು ಸಾಲದೆ ಹೋದಾಗ, ವೈದ್ಯ ದಿಲೀಪ್ ಮಹಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಕೆಟ್ಟ ಸ್ವಿಚ್ಚನ್ನು ಯಾರೂ ರಿಪೇರಿ ಮಾಡಲಿಲ್ಲ, ಕೆಡದ ಬಾಗಿಲನ್ನು ಬಳಸಿಕೊಂಡರು.

ಎಲ್ಲ ರೋಗವೂ ಹೀಗಿಲ್ಲವಲ್ಲ ಎನ್ನಬಹುದು. ನಿಜ, ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗುತ್ತವೆ. ಆದರೆ ಅಲ್ಲಿಯೂ ರೋಗಿಯನ್ನು ಕಾಡುವ ಅತಿದಾಹ, ಅತಿಮೂತ್ರಗಳನ್ನು ತರುವುದು ಆರೋಗ್ಯವಾಗಿರುವ ಮೂತ್ರಪಿಂಡ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಅದಕ್ಕೆ ಹಿಡಿದಿಡಲು ಆಗದು. ಸೋರಿದ ಸಕ್ಕರೆ ನೀರನ್ನೂ ಎಳೆದೊಯ್ಯುತ್ತದೆ. ಹಾನಿ ಒಂದೆಡೆ, ಸಂಕಟ ಇನ್ನೊಂದೆಡೆ. ಕಾಲರಾಕ್ಕೆ ಕುಡಿಸುವ ಆ ಉಪ್ಪು-ಸಕ್ಕರೆಯ ನೀರು, ಅಂದರೆ ಓಆರ್‌ಎಸ್, ರೋಗಾಣುವನ್ನು ಕೊಲ್ಲುವುದಿಲ್ಲ ಎಂಬ ಆಕ್ಷೇಪವೂ ಇದೆ. ಕೊಲ್ಲುವುದಿಲ್ಲ, ಭೇದಿಯನ್ನು ತಕ್ಷಣ ನಿಲ್ಲಿಸುವುದೂ ಇಲ್ಲ. ತೀರಾ ನಿತ್ರಾಣರಾದವರಿಗೆ ಸಲೈನ್ ಏರಿಸಲೇಬೇಕು, ತೀವ್ರ ರೋಗಕ್ಕೆ ಆ್ಯಂಟಿಬಯಾಟಿಕ್ ನೆರವಾಗುತ್ತದೆ. ಆದರೆ ರೋಗಾಣು ಹೊರಬೀಳುವವರೆಗೆ ರೋಗಿ ಬದುಕಿರಬೇಕಲ್ಲ! ಆ ಕಾಲಾವಕಾಶ ಕೊಡುವುದು ನೀರು. ಭೇದಿಯಾಗುತ್ತಿರುವ ಮಗುವಿಗೆ ನೀರು ಕೊಟ್ಟರೆ ಇನ್ನೂ ಹೆಚ್ಚಾಗುತ್ತದೆಂದು ಲೋಟ ದೂರವಿಡುವುದು, ಕೆಲಸ ಮಾಡುತ್ತಿರುವ ಬಾಗಿಲಿಗೂ ಬೀಗ ಹಾಕಿದಂತೆ. ಉಪ್ಪು ಹಾಕಿದ ಗಂಜಿ ತೆಳಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ಅದೇ ಬಾಗಿಲು ತಟ್ಟುತ್ತದೆ. ಓಆರ್‌ಎಸ್ ಪೊಟ್ಟಣ ಕೈಗೆ ಸಿಗುವವರೆಗೆ ಅದನ್ನಾದರೂ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು.